ಕೂಲೆಂಟ್ ಬದಲಿಸಿದ ಮೇಲೆ ಏರ್ ತೆಗೆಯಲು ಯಾವ ದಾರಿ? ಮೊದಲು ಮುಚ್ಚಳ ಎಲ್ಲಿದೆ ನೋಡಿ

ರೇಡಿಯೇಟರ್ ತೊಳೆಸಿ ಹೊಸ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ತುಂಬಿಸಿಕೊಂಡು ಗ್ಯಾರೇಜಿನಿಂದ ಹೊರಡುವಾಗ ನಮ್ಮ ಕಡೆ ಹೆಚ್ಚಿನವರಿಗೆ ಸಿಗುವ ಮಾತು ಇದು: “ಸ್ವಲ್ಪ ಏರ್ ಉಂಟು ಮಾರಾಯ್ರೆ, ಎರಡು ದಿನ ಓಡಿಸಿ, ತನ್ನಷ್ಟಕ್ಕೆ ಹೋಗ್ತದೆ.” ಕೆಲವು ಕಾರುಗಳ ಮಟ್ಟಿಗೆ ಇದು ನಿಜ. ಇನ್ನು ಕೆಲವಕ್ಕೆ ಎರಡು ತಿಂಗಳು ಓಡಿಸಿದರೂ ಗಾಳಿ ಇದ್ದಲ್ಲೇ ಇರುತ್ತದೆ. ನಿಮ್ಮದು ಯಾವ ಜಾತಿಯ ಕಾರು ಎಂದು ತಿಳಿಯದೆ ಈ ಮಾತು ನಂಬಿ ಹೊರಟರೆ, ಹಂಪನಕಟ್ಟೆಯಿಂದ ಸುರತ್ಕಲ್‌ಗೆ, ಉಡುಪಿಯಿಂದ ಮಲ್ಪೆಗೆ ಓಡಾಡುವವರೆಗೆ ಏನೂ ಗೊತ್ತಾಗುವುದಿಲ್ಲ. ಗುಂಡ್ಯ ದಾಟಿ ಶಿರಾಡಿ ಘಾಟಿಯಲ್ಲಿ ಗ್ಯಾಸ್ ಟ್ಯಾಂಕರ್ ಹಿಂದೆ ಸೆಕೆಂಡ್ ಗೇರಿನಲ್ಲಿ ಸಿಕ್ಕಿಬಿದ್ದಾಗ ಗೊತ್ತಾಗುತ್ತದೆ. ಅಲ್ಲಿ ಇಂಜಿನ್‌ಗೆ ಭಾರ ಪೂರ್ತಿ, ಎದುರಿನಿಂದ ಬೀಸುವ ಗಾಳಿ ಸೊನ್ನೆ, ಸಕಲೇಶಪುರ ಮುಟ್ಟುವಾಗ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಬಂದಿರುತ್ತೀರಿ.

ಒಳಗೆ ಉಳಿದ ಗಾಳಿ ಮಾಡುವ ಕೆಡುಕು ಎರಡು ಬಗೆಯದು. ಮೊದಲನೆಯದು ನೇರ: ಒಂದು ಲೋಟ ನೀರು ಹೊತ್ತೊಯ್ಯುವ ಶಾಖದ ಮೂರು ಸಾವಿರದಲ್ಲಿ ಒಂದು ಪಾಲನ್ನೂ ಒಂದು ಲೋಟ ಗಾಳಿ ಹೊರಲಾರದು. ಇಂಜಿನ್‌ನ ತಲೆಭಾಗವಾದ ಸಿಲಿಂಡರ್ ಹೆಡ್ಡಿನ ಮೇಲ್ಭಾಗದಲ್ಲಿ ಗಾಳಿ ಕೂತರೆ ಅಷ್ಟು ಜಾಗ ಕಾಯುತ್ತಲೇ ಹೋಗುತ್ತದೆ. ಎರಡನೆಯದು ಮೋಸದ್ದು. ಟೆಂಪರೇಚರ್ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ. ಗಾಳಿಯಲ್ಲಿ ನಿಂತ ಸೆನ್ಸರ್ ‘ಎಲ್ಲ ಸರಿ ಉಂಟು’ ಎನ್ನುತ್ತಿರುವಾಗಲೇ ಹೆಡ್ ಬೆಂದಿರುತ್ತದೆ. ಮೀಟರಿನ ಮುಳ್ಳು ಒಮ್ಮೆ ಜಿಗಿದು ಮತ್ತೆ ಇಳಿಯುವುದು, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು, ಇಂಜಿನ್ ಬಿಸಿಯಾಗಿದ್ದರೂ ಕೂಲೆಂಟಿನ ಶಾಖದಿಂದಲೇ ನಡೆಯುವ ಹೀಟರಿನಿಂದ ತಣ್ಣನೆ ಗಾಳಿ, ಈ ಮೂರರಲ್ಲಿ ಒಂದು ಕಂಡರೂ ಏರ್ ಉಂಟೆಂದೇ ತಿಳಿಯಿರಿ.

ಏರ್ ತೆಗೆಯಲು ದಾರಿ ನಾಲ್ಕಾರು ಉಂಟು. ಸುಮ್ಮನೆ ಓಡಿಸುವುದು, ಮೂತಿ ಎತ್ತರ ಮಾಡಿ ನಿಲ್ಲಿಸುವುದು, ಮುಚ್ಚಳದ ಜಾಗಕ್ಕೆ ಫನೆಲ್ ಕೂರಿಸುವುದು, ಬ್ಲೀಡ್ ಸ್ಕ್ರೂ ಬಿಚ್ಚುವುದು, ವ್ಯಾಕ್ಯೂಮ್ ಹಾಕಿ ತುಂಬುವುದು, ಸ್ಕ್ಯಾನರ್ ಹಾಕಿ ಪಂಪ್ ಓಡಿಸುವುದು. ಯಾವುದು ದುಬಾರಿ, ಯಾವುದು ಅಗ್ಗ ಎಂದು ನೋಡಿ ಆರಿಸಬೇಡಿ. ಕೂಲೆಂಟ್ ಹಾಕುವ ಮುಚ್ಚಳ ಇಂಜಿನ್‌ಗಿಂತ, ಹೀಟರ್‌ಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದೇ ಇಲ್ಲಿ ತೀರ್ಮಾನ ಮಾಡುವುದು. ಗಾಳಿ ಮೇಲಕ್ಕೇ ಹೋಗುತ್ತದೆ. ಮೇಲೆ ಹೋದ ಜಾಗದಲ್ಲಿ ಬಾಗಿಲಿದ್ದರೆ ಹೊರಗೆ ಬರುತ್ತದೆ, ಇಲ್ಲದಿದ್ದರೆ ಅಲ್ಲೇ ಉಳಿಯುತ್ತದೆ.

ಬಾನೆಟ್ ತೆಗೆದು ನೋಡುವಾಗ

ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಿ, ಇಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಬಿಸಿ ಇಂಜಿನ್‌ನ ಮುಚ್ಚಳ ತೆಗೆಯುವ ಯೋಚನೆ ಯಾವ ಹಂತದಲ್ಲೂ ಬೇಡ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದ ಕುದಿಯದೆ ನಿಂತಿರುತ್ತದೆ, ಮುಚ್ಚಳ ಸಡಿಲವಾದ ಕ್ಷಣ ಆವಿಯಾಗಿ ಮುಖಕ್ಕೇ ಬರುತ್ತದೆ.

ಹಳೆ ಮಾರುತಿ 800, ಹಳೆ ಆಲ್ಟೋ, ಹಳೆ ಹೋಂಡಾ ಸಿಟಿಗಳಲ್ಲಿ ಮುಚ್ಚಳ ರೇಡಿಯೇಟರಿನ ತಲೆಯ ಮೇಲೇ ಇರುತ್ತದೆ, ಪಕ್ಕದಲ್ಲಿ ಒತ್ತಡವಿಲ್ಲದ ಒಂದು ಪ್ಲಾಸ್ಟಿಕ್ ಬಾಟಲಿ. ಇಂಥವುಗಳಲ್ಲಿ ಹೀಟರಿಗೆ ಹೋಗುವ ಪೈಪ್ ಹಲವು ಬಾರಿ ಮುಚ್ಚಳಕ್ಕಿಂತ ಎತ್ತರದಲ್ಲಿರುತ್ತದೆ. ಪೋಲೋ, ಡೀಸೆಲ್ ಸ್ವಿಫ್ಟ್ ಥರದವುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ. ಎತ್ತರದಲ್ಲಿ ಕೂರಿಸಿದ, ಒತ್ತಡ ತಡೆಯುವ ಟ್ಯಾಂಕ್ ಉಂಟು, ಅದರ ಮೇಲ್ಭಾಗಕ್ಕೆ ಒಂದು ಸಪೂರ ಪೈಪ್ ಬಂದು ಸೇರುತ್ತದೆ. ಆ ಸಪೂರ ಪೈಪೇ ಗಾಳಿಯ ದಾರಿ. ಇಂಜಿನ್ ಓಡುವಷ್ಟು ಹೊತ್ತೂ ಸ್ವಲ್ಪ ಸ್ವಲ್ಪವೇ ಗಾಳಿಯನ್ನು ಟ್ಯಾಂಕಿಗೆ ತಂದು ಹಾಕುತ್ತಿರುತ್ತದೆ. ಓಮ್ನಿ, ಈಕೋ ಮೂರನೆಯ ಜಾತಿ: ಇಂಜಿನ್ ಸೀಟಿನ ಅಡಿಯಲ್ಲಿ, ರೇಡಿಯೇಟರ್ ಮುಂದೆ, ನಡುವೆ ಉದ್ದದ ಪೈಪುಗಳು. ಗಾಳಿ ಸಿಕ್ಕಿಕೊಳ್ಳಲು ಬೇಕಾದಷ್ಟು ಜಾಗ.

“ತನ್ನಷ್ಟಕ್ಕೆ ಹೋಗ್ತದೆ” ಯಾರಿಗೆ ಸರಿ?

ಎತ್ತರದ ಟ್ಯಾಂಕ್ ಇದ್ದವರಿಗೆ. ಅವರು ನಿಧಾನವಾಗಿ, ನೊರೆ ಬಾರದಂತೆ ಕೂಲೆಂಟ್ ಹುಯ್ದು, ಕೈಗೆ ಸಿಗುವ ಹೋಸ್ ಪೈಪನ್ನು ಹಿಸುಕಿ ಹಿಸುಕಿ ಬಿಟ್ಟು, ಮುಚ್ಚಳ ಹಾಕಿ ಇಂಜಿನ್ ಬಿಸಿ ಮಾಡಿದರೆ ಸಾಕು. ರಾತ್ರಿ ತಣಿಯಲು ಬಿಟ್ಟು ಬೆಳಿಗ್ಗೆ ನೋಡಿದರೆ ಮಟ್ಟ ಒಂದಿಷ್ಟು ಇಳಿದಿರುತ್ತದೆ, ತುಂಬಿಸಿ. ಎರಡು ಮೂರು ಬಾರಿ ಹೀಗಾಗಿ ಆಮೇಲೆ ಇಳಿಯುವುದು ನಿಂತರೆ ಕೆಲಸ ಮುಗಿಯಿತು. ಇವರಿಗೆ ಫನೆಲ್, ವ್ಯಾಕ್ಯೂಮ್ ಎಂದು ಹೆಚ್ಚು ಖರ್ಚು ಹೇಳುವ ಗ್ಯಾರೇಜಿದ್ದರೆ ಯಾಕೆಂದು ಕೇಳಿ. ಕಂಪನಿಯ ಮ್ಯಾನುವಲ್ಲಿನಲ್ಲೇ ವ್ಯಾಕ್ಯೂಮ್ ಬೇಕೆಂದು ಬರೆದಿರುವ ಮಾಡೆಲ್‌ಗಳೂ ಉಂಟು, ಆಗ ಅವರ ಮಾತೇ ಸರಿ.

ರೇಡಿಯೇಟರ್ ಮೇಲೆ ಮುಚ್ಚಳ ಇರುವ ಹಳೆ ಗಾಡಿಯೂ ಸ್ವಲ್ಪ ಮಟ್ಟಿಗೆ ತನ್ನಷ್ಟಕ್ಕೆ ಸರಿ ಮಾಡಿಕೊಳ್ಳುತ್ತದೆ. ಬಿಸಿಯಾದಾಗ ಹಿಗ್ಗಿದ ನೀರು ಗಾಳಿಯನ್ನೂ ಎಳೆದುಕೊಂಡು ಬಾಟಲಿಗೆ ಹೋಗುತ್ತದೆ, ತಣಿದಾಗ ಮುಚ್ಚಳದ ನಡುವಿನ ಪುಟ್ಟ ವಾಲ್ವ್ ತೆರೆದು ಬಾಟಲಿಯ ಕೂಲೆಂಟ್ ವಾಪಸ್ ಒಳಗೆ ಬರುತ್ತದೆ. ಇದು ನಡೆಯಬೇಕಾದರೆ ಬಾಟಲಿಗೆ ಹೋಗುವ ರಬ್ಬರ್ ಪೈಪ್ ಸೀಳಿರಬಾರದು, ಅದರ ತುದಿ ಬಾಟಲಿಯೊಳಗೆ ಕೂಲೆಂಟಿನಲ್ಲಿ ಮುಳುಗಿರಬೇಕು. ಸೀಳಿದ್ದರೆ ಪ್ರತಿ ರಾತ್ರಿ ಕೂಲೆಂಟಿನ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಹಗಲು ನೀವು ತೆಗೆದ ಏರ್ ರಾತ್ರಿ ವಾಪಸ್. ಎಷ್ಟು ಒಳ್ಳೆಯ ಫನೆಲ್ ತಂದರೂ ಈ ಪೈಪಿಗೆ ಮದ್ದಾಗುವುದಿಲ್ಲ. ಬೇರೆ ಏನು ಕೊಳ್ಳುವ ಮೊದಲೂ ಈ ಪೈಪ್ ಮತ್ತು ಮುಚ್ಚಳದ ರಬ್ಬರ್ ನೋಡಿ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿದ್ದರೆ ಅದು ಬಾರ್ ಲೆಕ್ಕದ ಒತ್ತಡ. ಹೊಸತು ತರುವಾಗ ಅದೇ ಅಂಕೆಯದು ತನ್ನಿ.

ಚಡಾವು ಮತ್ತು ಫನೆಲ್

ಮೂತಿ ಎತ್ತರ ಮಾಡಿ ನಿಲ್ಲಿಸುವುದಕ್ಕೆ ಮಂಗಳೂರಿನಷ್ಟು ಅನುಕೂಲದ ಊರು ಇಲ್ಲ. ಕದ್ರಿ, ಬಿಜೈ, ಕಂಕನಾಡಿ ಎಂದು ಎಲ್ಲಿ ನೋಡಿದರೂ ಗುಡ್ಡ. ಎಷ್ಟೋ ಮನೆಗಳು ರಸ್ತೆಗಿಂತ ತಗ್ಗಿನಲ್ಲಿರುತ್ತವೆ, ಗೇಟಿನಿಂದ ಅಂಗಳಕ್ಕೆ ಕಾಂಕ್ರೀಟಿನ ಇಳಿಜಾರು ಇರುತ್ತದೆ. ಅಂಥ ಮನೆಯಾದರೆ ಕಾರನ್ನು ರಿವರ್ಸ್‌ನಲ್ಲಿ ಇಳಿಸಿ ಅರ್ಧದಲ್ಲಿ ನಿಲ್ಲಿಸಿ, ಮೂತಿ ತಾನಾಗಿ ಮೇಲಾಗುತ್ತದೆ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಹಿಂದಿನ ಚಕ್ರಗಳಿಗೆ ದಪ್ಪ ಕಲ್ಲು ಅಥವಾ ಮರದ ತುಂಡು ಕೊಡಿ. ಇಂಜಿನ್ ಓಡುತ್ತಿರುತ್ತದೆ, ನೀವು ಅದರ ಮುಂದೆಯೇ ನಿಂತಿರುತ್ತೀರಿ. ಇದಕ್ಕೆ ಖರ್ಚು ಏನೂ ಇಲ್ಲ. ಕೊರತೆಯೆಂದರೆ, ಮುಚ್ಚಳ ತೆರೆದಿಟ್ಟು ಬಿಸಿ ಮಾಡುವಾಗ ಕೂಲೆಂಟ್ ಉಕ್ಕಿ ಹೊರಚೆಲ್ಲುತ್ತದೆ, ಫ್ಯಾನ್ ತಿರುಗುವ ಹೊತ್ತಿಗೆ ಎಷ್ಟು ಚೆಲ್ಲಿತು, ಎಷ್ಟು ಗಾಳಿ ಹೋಯಿತು ಎಂಬ ಲೆಕ್ಕ ತಪ್ಪಿರುತ್ತದೆ. ಮುಚ್ಚಳ ಇಂಜಿನ್‌ನ ಹಿಂಭಾಗದಲ್ಲಿ, ಕಾರಿನ ಗಾಜಿನ ಕಡೆ ಇದ್ದರೆ ಮೂತಿ ಎತ್ತುವುದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು, ಮುಚ್ಚಳ ಇನ್ನೂ ತಗ್ಗಿಗೆ ಹೋಗುತ್ತದೆ.

ಫನೆಲ್ ಈ ಎರಡೂ ಕೊರತೆಯನ್ನು ನೀಗಿಸುತ್ತದೆ. ಇದು ಎಣ್ಣೆ ಹುಯ್ಯುವ ಆಲಿಕೆಯಂತಲ್ಲ. ಅಡಾಪ್ಟರ್ ಮೂಲಕ ರೇಡಿಯೇಟರಿನ ಕುತ್ತಿಗೆಗೆ ಬಿಗಿಯಾಗಿ ಕೂರುತ್ತದೆ, ಸೋರುವುದಿಲ್ಲ. ಅದರಲ್ಲಿ ಅರ್ಧ ಕೂಲೆಂಟ್ ತುಂಬಿಟ್ಟರೆ ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗ ಫನೆಲ್ಲೇ ಆಗುತ್ತದೆ. ಇಂಜಿನ್ ಬಿಸಿಯಾದಂತೆ ಗುಳ್ಳೆಗಳು ಅಲ್ಲಿಗೇ ಬರಬೇಕು, ಬಂದದ್ದು ಕಣ್ಣಿಗೆ ಕಾಣುತ್ತದೆ, ಉಕ್ಕಿದ್ದು ಅಲ್ಲೇ ನಿಲ್ಲುತ್ತದೆ. ಸ್ವಂತ ಕೈಯಲ್ಲಿ ಮಾಡುವ ಮನೆಯವರಿಗೆ ನಾನು ಹೇಳುವುದು ಇದನ್ನೇ. ಕೊಳ್ಳುವಾಗ ಫನೆಲ್ಲಿನ ಗಾತ್ರಕ್ಕಿಂತ ಪೆಟ್ಟಿಗೆಯಲ್ಲಿರುವ ಅಡಾಪ್ಟರ್‌ಗಳನ್ನು ನೋಡಿ. ಮಾರುತಿ, ಹೋಂಡಾ, ಟೊಯೊಟಾಗಳ ಕುತ್ತಿಗೆಗೆ ಹೊಂದುವುದು ಬೇರೆ, ತಿರುಪಿನ ಮುಚ್ಚಳದ ಯುರೋಪಿನ ಗಾಡಿಗಳಿಗೆ ಬೇರೆ.

ಕ್ರಮ ಹೀಗೆ. ತಣ್ಣನೆ ಇಂಜಿನ್‌ನಲ್ಲಿ ಫನೆಲ್ ಕೂರಿಸಿ, ಕೂಲೆಂಟ್ ಹಾಕಿ, ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಮೇಲಿನ ಕೆಳಗಿನ ಹೋಸ್ ಪೈಪ್ ಹಿಸುಕಿ. ಹೀಟರ್ ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿ, ಫ್ಯಾನ್ ಒಂದರಲ್ಲಿ ಇಡಿ, ಎಸಿ ಬೇಡ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ನಡುವೆ ತೆರೆಯುತ್ತದೆ. ಅಲ್ಲಿಯವರೆಗೆ ಬರುವ ಗುಳ್ಳೆ ಬರಿ ಮುನ್ನುಡಿ, ಅದು ತೆರೆದ ಮೇಲೆ ಒಮ್ಮೆಲೇ ದೊಡ್ಡ ಗುಳ್ಳೆ ಬಂದು ಫನೆಲ್ಲಿನ ಮಟ್ಟ ಸರ್ರನೆ ಇಳಿಯುತ್ತದೆ. ಬೇಗ ಮುಗಿಸುವ ಅವಸರದವರು ಇಲ್ಲಿಗೆ ಮೊದಲೇ ಫನೆಲ್ ತೆಗೆದುಬಿಡುತ್ತಾರೆ. ರೇಡಿಯೇಟರ್ ಫ್ಯಾನ್ ಎರಡು ಬಾರಿ ತಿರುಗಿ ನಿಲ್ಲುವವರೆಗೆ ಕಾಯಿರಿ. ನಡುವೆ ಒಂದು ನಿಮಿಷ 2,000ದಿಂದ 2,500 ಆರ್‌ಪಿಎಂಗೆ ರೇಸ್ ಕೊಟ್ಟರೆ ಹೀಟರಿನೊಳಗೆ ಉಳಿದದ್ದೂ ಹೊರಗೆ ಬರುತ್ತದೆ. ಅದಕ್ಕಿಂತ ಹೆಚ್ಚು ರೇಸ್ ಬೇಡ, ಗುಳ್ಳೆ ಪುಡಿಯಾಗಿ ನೀರಿನ ಜೊತೆ ಸುತ್ತುತ್ತಲೇ ಇರುತ್ತದೆ.

ಫನೆಲ್ ಇರುವಾಗ ಒತ್ತಡ ಇರುವುದಿಲ್ಲ ಎಂಬುದು ನೆನಪಿರಲಿ. ಅರ್ಧಕ್ಕರ್ಧ ಬೆರೆಸಿದ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಒತ್ತಡವಿಲ್ಲದೆ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ, ಬರಿ ನೀರು 100ರಲ್ಲೇ. ಫ್ಲಶ್ ಮಾಡಿದ, ಅಂದರೆ ಒಳಗೆ ತೊಳೆದ, ಬರಿ ನೀರನ್ನೇ ಒಳಗಿಟ್ಟುಕೊಂಡು ಏರ್ ತೆಗೆಯಲು ಹೊರಟರೆ ಹೆಡ್ಡಿನ ಬಳಿ ಕುದಿದ ಆವಿಯ ಗುಳ್ಳೆಯನ್ನೇ ಗಾಳಿ ಎಂದುಕೊಂಡು ಗಂಟೆಗಟ್ಟಲೆ ಕಾಯುತ್ತೀರಿ, ಜೊತೆಗೆ ಕೈ ಸುಟ್ಟುಕೊಳ್ಳುತ್ತೀರಿ. ಮೊದಲು ಕೂಲೆಂಟ್, ಆಮೇಲೆ ಏರ್. ಬೆರೆಸುವ ನೀರು ಡಿಸ್ಟಿಲ್ಡ್ ಆಗಿರಲಿ. ಕಡಲ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದು ನಮ್ಮಲ್ಲಿ ಯಾರಿಗೂ ಹೊಸತಲ್ಲ. ತುಂಬೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರಾದರೂ ಕುಡಿಯಲು ಒಳ್ಳೆಯದು, ರೇಡಿಯೇಟರಿಗೆ ಅಲ್ಲ. ಲೆಕ್ಕ ಬೇಡವೆಂದರೆ ನೀರು ಬೆರೆಸಿಯೇ ಬರುವ ರೆಡಿಮಿಕ್ಸ್ ತನ್ನಿ. ಆದರೆ ಫ್ಲಶ್ ನೀರು ಬ್ಲಾಕಿನೊಳಗೆ ಒಂದಿಷ್ಟು ಉಳಿದೇ ಇರುತ್ತದೆ, ಆಗ ರೆಡಿಮಿಕ್ಸ್ ತೆಳುವಾಗುತ್ತದೆ. ಆ ಮಟ್ಟಿಗೆ ಕಾನ್ಸನ್‌ಟ್ರೇಟ್ ತಂದು ನಾವೇ ಬೆರೆಸುವುದು ಮೇಲು.

ಯಾರೂ ಮುಟ್ಟದ ನಾಬ್

ಕರಾವಳಿಯಲ್ಲಿ ಕಾರಿನ ಹೀಟರನ್ನು ಯಾರು ಹಾಕುತ್ತಾರೆ? ಕೊಂಡ ದಿನದಿಂದ ಆ ನಾಬ್ ನೀಲಿಯಲ್ಲೇ ಇರುತ್ತದೆ. ಹಲವು ಹಳೆ ಕಾರುಗಳಲ್ಲಿ ಆ ನಾಬ್ ಕೇಬಲ್ ಮೂಲಕ ಒಂದು ನೀರಿನ ವಾಲ್ವನ್ನು ತೆರೆಯುತ್ತದೆ. ಮುಚ್ಚಿದ್ದರೆ ಹೀಟರಿಗೆ ನೀರು ಹೋಗುವುದೇ ಇಲ್ಲ. ಅಂದರೆ ಫ್ಲಶ್ ಮಾಡಿದಾಗ ಹೀಟರಿನೊಳಗಿನ ಹಳೆ ಕೊಳೆ ಅಲ್ಲೇ ಉಳಿಯುತ್ತದೆ, ಏರ್ ತೆಗೆಯುವಾಗಲೂ ಅದು ಪಾಲ್ಗೊಳ್ಳುವುದಿಲ್ಲ. ಮುಂದೆ ಎಂದೋ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗಿ ಚಳಿಗೆ ಹೀಟರ್ ಹಾಕಿದಾಗ ಆ ಗಾಳಿ ಇಂಜಿನ್‌ಗೆ ಬರುತ್ತದೆ. ವರ್ಷಗಟ್ಟಲೆ ಅಲುಗಾಡದ ವಾಲ್ವ್ ಉಪ್ಪುಗಾಳಿಗೆ ಹಿಡಿದುಕೊಂಡಿರುವುದೂ ಉಂಟು. ನಾಬ್ ತಿರುಗಿದರೂ ವಾಲ್ವ್ ತಿರುಗಿತೋ ಎಂದು ಬಾನೆಟ್ ಒಳಗೆ ಕಣ್ಣಾರೆ ನೋಡಿ. ಹೊಸ ಕಾರುಗಳಲ್ಲಿ ಹೆಚ್ಚಿನವಕ್ಕೆ ಈ ವಾಲ್ವ್ ಇಲ್ಲ, ನೀರು ಯಾವಾಗಲೂ ಹೀಟರಿನೊಳಗೆ ಸುತ್ತುತ್ತಿರುತ್ತದೆ. ಆದರೂ ನಾಬ್ ಕೆಂಪಿಗೆ ಇಟ್ಟೇ ಮಾಡಿ, ಯಾಕೆಂದರೆ ಡ್ಯಾಶ್‌ಬೋರ್ಡಿನಿಂದ ಬಿಸಿ ಗಾಳಿ ಒಂದೇ ಸಮನೆ ಬರುವುದೇ ಏರ್ ಹೋಗಿದೆ ಎನ್ನಲು ಸಿಗುವ ಉತ್ತಮ ಸಾಕ್ಷಿ.

ಬ್ಲೀಡ್ ಸ್ಕ್ರೂ ಇದ್ದರೆ

ಹಳೆ ಫಿಯೆಟ್, ರೆನೋ, ಬಿಎಂಡಬ್ಲ್ಯುಗಳ ಹಲವು ಮಾಡೆಲ್‌ಗಳಲ್ಲಿ ಎತ್ತರದ ಜಾಗದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಸಡಿಲಿಸಿ, ಕೂಲೆಂಟ್ ಹುಯ್ಯುತ್ತ ಹೋಗಿ, ಗುಳ್ಳೆಯಿಲ್ಲದೆ ಧಾರೆ ಬಂದ ಮೇಲೆ ಬಿಗಿ ಮಾಡಿ. ಇದ್ದವರು ಬೇರೆ ದಾರಿ ಹುಡುಕಬೇಕಾಗಿಲ್ಲ. ಆ ಸ್ಕ್ರೂ ಪ್ಲಾಸ್ಟಿಕ್ಕಿನದ್ದಾದರೆ ಬಿಸಿಗೆ ಬೆಂದು ಹಪ್ಪಳದ ಹಾಗಾಗಿರುತ್ತದೆ; ಕೈಯಲ್ಲಿ ಹೊಸ ಸ್ಕ್ರೂ ಇಟ್ಟುಕೊಂಡೇ ಹಳೆಯದನ್ನು ಮುಟ್ಟಿ.

ವ್ಯಾಕ್ಯೂಮ್: ಯಾವಾಗ ಹಣ ಕೊಡಬೇಕು

ಇಲ್ಲಿ ಯೋಚನೆಯೇ ತಿರುಗುಮುರುಗು. ಕೂಲೆಂಟ್ ಹಾಕಿ ಗಾಳಿ ತೆಗೆಯುವುದಲ್ಲ, ಗಾಳಿ ತೆಗೆದು ಕೂಲೆಂಟ್ ಹಾಕುವುದು. ಕಂಪ್ರೆಸರಿನ ಗಾಳಿಯನ್ನು ಟೂಲಿನ ಸಪೂರ ಗಂಟಲಿನಿಂದ ರಭಸವಾಗಿ ಹಾಯಿಸಿದಾಗ ಅದು ರೇಡಿಯೇಟರಿನೊಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಟೂಲಿನ ಮೀಟರಿನ ಮುಳ್ಳು 22ರಿಂದ 26 ಇಂಚಿನವರೆಗೆ (ಪಾದರಸದ ಲೆಕ್ಕ) ಹೋಗುತ್ತದೆ, ಹೋಸ್ ಪೈಪುಗಳು ಚಪ್ಪಟೆಯಾಗುತ್ತವೆ, ಹೆದರಬೇಡಿ. ನಾಲ್ಕೈದು ನಿಮಿಷ ಹಾಗೇ ಬಿಟ್ಟು, ಮುಳ್ಳು ಇಳಿಯದಿದ್ದರೆ ವಾಲ್ವ್ ತಿರುಗಿಸಿ. ಬಕೆಟಿನಲ್ಲಿದ್ದ ಕೂಲೆಂಟ್ ಮೂಲೆಮೂಲೆಗೂ ತಾನಾಗಿ ಓಡುತ್ತದೆ. ಇಂಜಿನ್ ಬಿಸಿ ಮಾಡಿ ಕಾಯುವ ಕೆಲಸ ಹೆಚ್ಚಿನಂಶ ಇಲ್ಲ.

ಓಮ್ನಿ, ಈಕೋದವರಿಗೆ, ಮುಚ್ಚಳ ತೀರಾ ತಗ್ಗಿನಲ್ಲಿ ಇರುವವರಿಗೆ, ಫನೆಲ್ಲಿನಲ್ಲಿ ಮಾಡಿದರೂ ಹೀಟರ್ ತಣ್ಣಗೇ ಉಳಿದವರಿಗೆ ಇದೇ ಸರಿ. ಮನೆಗೆ ಕೊಳ್ಳುವ ವಸ್ತುವಲ್ಲ. ಕಿಟ್ ಫನೆಲ್ಲಿಗಿಂತ ದುಬಾರಿ, ಮೇಲೆ ಕಂಪ್ರೆಸರ್ ಬೇಕು. ಬೈಕಂಪಾಡಿಯೋ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾವೋ, ನಿಮಗೆ ಗೊತ್ತಿರುವ ಗ್ಯಾರೇಜಿಗೆ ಹೋಗುವ ಮೊದಲು ಫೋನ್ ಮಾಡಿ “ಕೂಲೆಂಟ್ ವ್ಯಾಕ್ಯೂಮ್ ಟೂಲ್ ಉಂಟಾ?” ಎಂದೇ ಕೇಳಿ. ಎಸಿ ಗ್ಯಾಸಿನ ವ್ಯಾಕ್ಯೂಮ್ ಪಂಪ್ ಬೇರೆ, ಇದು ಬೇರೆ.

ಮೂರು ಎಚ್ಚರ. ಇಂಜಿನ್ ತಣ್ಣಗಿರಬೇಕು: 25 ಇಂಚಿನ ವ್ಯಾಕ್ಯೂಮಿನಲ್ಲಿ ನೀರು 56 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬಿಸಿ ಇಂಜಿನ್‌ನಲ್ಲಿ ಮಾಡಿದರೆ ಆವಿ ಎದ್ದು ಮುಳ್ಳು ಇಳಿದು, ಇಲ್ಲದ ಲೀಕ್ ಹುಡುಕುತ್ತ ಕೂರಬೇಕಾಗುತ್ತದೆ. ಬಕೆಟಿನಲ್ಲಿ ಬೇಕಾದ್ದಕ್ಕಿಂತ ಒಂದು ಲೀಟರ್ ಹೆಚ್ಚು ಇರಬೇಕು, ಪೈಪಿನ ತುದಿ ಗಾಳಿಗೆ ತೆರೆದ ಕ್ಷಣ ಎಲ್ಲ ಶ್ರಮ ವ್ಯರ್ಥ. ಇನ್ನೊಂದು, ವ್ಯಾಕ್ಯೂಮ್ ನಿಂತಿತು ಎಂದ ಮಾತ್ರಕ್ಕೆ ಲೀಕ್ ಇಲ್ಲ ಎಂದಲ್ಲ. ಒಳಕ್ಕೆ ಎಳೆದಾಗ ಮುಚ್ಚಿಕೊಳ್ಳುವ ಬಿರುಕು ಹೊರಕ್ಕೆ ಒತ್ತಿದಾಗ ಬಾಯಿಬಿಡುತ್ತದೆ. ಕಡಲ ದಂಡೆಯ ಗಾಡಿಗಳಲ್ಲಿ ತುಕ್ಕು ಹಿಡಿದ ಹೋಸ್ ಕ್ಲಿಪ್ ಇರುವ ಕಡೆ ಇದು ಹೆಚ್ಚು. ಪ್ರೆಷರ್ ಟೆಸ್ಟನ್ನೂ ಕೇಳಿ.

ಎಲೆಕ್ಟ್ರಿಕ್ ವಾಟರ್ ಪಂಪ್ ಇರುವ ಬಿಎಂಡಬ್ಲ್ಯು ಥರದವುಗಳಲ್ಲಿ ಇಂಜಿನ್ ಸ್ಟಾರ್ಟ್ ಮಾಡದೆಯೇ ಪಂಪನ್ನು ಮಾತ್ರ ಓಡಿಸುವ ಬ್ಲೀಡ್ ಕ್ರಮ ಉಂಟು, ಅದನ್ನೇ ಅನುಸರಿಸಿ. ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಇಂಜಿನ್‌ಗೆ ಒಂದು, ಇನ್ವರ್ಟರಿಗೆ ಇನ್ನೊಂದು ಎಂದು ಕೂಲೆಂಟ್ ಸುತ್ತು ಬೇರೆ ಬೇರೆ. ಇವಿ ಇದ್ದವರು ಸ್ಪ್ಯಾನರ್ ಒಳಗಿಟ್ಟು ಸರ್ವಿಸ್ ಸೆಂಟರಿಗೆ ಹೋಗಿ.

ದಾರಿಯಲ್ಲದ ದಾರಿ

“ನಮ್ಮ ಸೆಕೆಗೆ ಥರ್ಮೋಸ್ಟಾಟ್ ಎಂತಕ್ಕೆ? ತೆಗೆದು ಬಿಸಾಡಿದರೆ ಏರ್ ಲಾಕೇ ಇಲ್ಲ” ಎನ್ನುವವರು ಈಗಲೂ ಇದ್ದಾರೆ. ಏರ್ ಬೇಗ ಹೋಗುತ್ತದೆ, ನಿಜ. ಆದರೆ ಇಂಜಿನ್ ಬೇಕಾದ ಬಿಸಿಗೆ ಬರುವುದಿಲ್ಲ, ಇಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚು ಹುಯ್ಯುತ್ತಲೇ ಇರುತ್ತದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಅದೇ ಮುಚ್ಚಬೇಕು. ಅದಿಲ್ಲದಿದ್ದರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಇಂಜಿನ್‌ಗೇ ಮರಳಿ ಘಾಟಿಯಲ್ಲಿ ಇನ್ನಷ್ಟು ಹೀಟ್ ಆಗುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿಸುವಾಗ ಅದರ ಅಂಚಿನಲ್ಲಿರುವ ಪುಟ್ಟ ಅಲುಗಾಡುವ ಪಿನ್ ಮೇಲಕ್ಕೆ ಬರುವಂತೆ ಕೂರಿಸಿದರೇ ಸಾಕು, ಗಾಳಿ ಆ ತೂತಿನಿಂದ ದಾಟುತ್ತದೆ.

ಆಯಿತು ಎಂದು ಹೇಗೆ ಗೊತ್ತು?

ಅಳತೆ ಮೊದಲ ಪರೀಕ್ಷೆ. ಮ್ಯಾನುವಲ್ಲಿನಲ್ಲಿ 5.5 ಲೀಟರ್ ಎಂದಿದ್ದು ನಿಮ್ಮದರಲ್ಲಿ 4 ಲೀಟರ್ ಮಾತ್ರ ಹಿಡಿದರೆ ಉಳಿದ ಒಂದೂವರೆ ಲೀಟರ್ ಜಾಗದಲ್ಲಿ ಫ್ಲಶ್ ನೀರಿರಬೇಕು, ಇಲ್ಲ ಗಾಳಿ ಇರಬೇಕು. ತೆಗೆದದ್ದನ್ನು ಹಳೆ ಬಕೆಟಿನಲ್ಲಿ ಹಿಡಿದು ಅಳೆದವರಿಗೆ ಮಾತ್ರ ಈ ಲೆಕ್ಕ ಸಿಗುತ್ತದೆ. ಹಿಡಿದದ್ದನ್ನು ಅಂಗಳಕ್ಕೆ, ಚರಂಡಿಗೆ ಚೆಲ್ಲಬೇಡಿ. ಕೂಲೆಂಟ್ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ, ನಮ್ಮಲ್ಲಿ ಬಾವಿಯೂ ನಾಲ್ಕು ಮಾರು ದೂರದಲ್ಲೇ ಇರುತ್ತದೆ.

ಆಮೇಲೆ ಓಡಿಸಿ ನೋಡುವುದು. ಮೊದಲ ಓಟಕ್ಕೇ ಆಗುಂಬೆಯ 14 ತಿರುವು ಬೇಡ. ಉಡುಪಿಯವರು ಮಣಿಪಾಲದ ಚಡಾವು ಹತ್ತಿ ಇಳಿಯಲಿ, ಮಂಗಳೂರಿನವರು ಮೂಡುಬಿದಿರೆ ದಾರಿಯಲ್ಲಿ ಹೋಗಿ ಬರಲಿ. ಅಲ್ಲಿ ಏರಿಳಿತ ಬೇಕಾದಷ್ಟುಂಟು, ನಿಲ್ಲಿಸಲೂ ಜಾಗ ಉಂಟು. ಬಂದು ರಾತ್ರಿಯಿಡೀ ತಣಿಯಲು ಬಿಟ್ಟು ಮಟ್ಟ ನೋಡಿ, ತುಂಬಿಸಿ. ಮರುದಿನ ಇಳಿಯದಿದ್ದರೆ ಘಾಟಿಗೆ ಹೊರಡಬಹುದು. ಬಾಟಲಿಯಲ್ಲಿ ಅರ್ಧ ಲೀಟರ್ ಕೂಲೆಂಟ್ ಜೊತೆಗಿರಲಿ. ದಾರಿಯಲ್ಲಿ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಹಾಕಿ. ಬೆವರಿಳಿದರೂ ಅದು ಇನ್ನೊಂದು ಸಣ್ಣ ರೇಡಿಯೇಟರಿನ ಕೆಲಸ ಮಾಡುತ್ತದೆ. ಇಳಿಯದಿದ್ದರೆ ಬದಿಗೆ ನಿಲ್ಲಿಸಿ.

ಫನೆಲ್ಲಿನಲ್ಲಿ ಅರ್ಧ ಗಂಟೆ ಕಳೆದರೂ ಒಂದೇ ಸಮನೆ ಗುಳ್ಳೆ ಬರುತ್ತಿದ್ದರೆ, ರೇಸ್ ಕೊಟ್ಟಾಗ ಅದು ಹೆಚ್ಚುತ್ತಿದ್ದರೆ, ಬೆಳಗಿನ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣವೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಅದು ಉಳಿದುಕೊಂಡ ಗಾಳಿಯಲ್ಲ, ಹೊಸದಾಗಿ ಬರುತ್ತಿರುವ ಹೊಗೆ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಬಿಟ್ಟು ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ಸೇರುತ್ತಿದೆ. ಇದಕ್ಕೆ ಬ್ಲಾಕ್ ಟೆಸ್ಟ್ ಎಂಬ ನೀಲಿ ದ್ರವದ ಪರೀಕ್ಷೆ ಉಂಟು. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರ ಮೂಲಕ ಹೀರಿದಾಗ, ಪೆಟ್ರೋಲ್ ಗಾಡಿಯಾದರೆ, ನೀಲಿ ಹಳದಿಗೆ ತಿರುಗುತ್ತದೆ. ತಿರುಗಿದರೆ ಮತ್ತೊಮ್ಮೆ ಏರ್ ತೆಗೆಸಲು ಹಣ ಕೊಡಬೇಡಿ, ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿ (ಅದರ ಮೈ ಸಪಾಟು ಮಾಡಿಸಿ) ಗ್ಯಾಸ್ಕೆಟ್ ಹಾಕಲು ಎಷ್ಟಾಗುತ್ತದೆ ಎಂದು ಕೇಳಿ.